ತೋಡಿನ ಬದಿ 7 ಸೆಂಟ್ಸಿನಲ್ಲಿ ಮನೆ: ಮಣ್ಣು ತುಂಬಿಸುವುದಾ, ಕಂಬ ನಿಲ್ಲಿಸುವುದಾ?

ಪ್ರಶ್ನೆ: ಸರ್, ನಮ್ಮದು ಕಾಸರಗೋಡಿನ ಪುತ್ತಿಗೆ ಪಂಚಾಯತಿನಲ್ಲಿ, ಶಿರಿಯ ಹೊಳೆಗೆ ಸೇರುವ ತೋಡಿನ ಬದಿಯಲ್ಲಿ 7 ಸೆಂಟ್ಸ್ ಜಾಗ. ಈಗಿರುವುದು ಮಣ್ಣಿನ ಗೋಡೆಯ ಹಳೇ ಹಂಚಿನ ಮನೆ. 2019ರ ಆಟಿಯಲ್ಲಿ (ಜುಲೈ-ಆಗಸ್ಟ್) ಮನೆಯೊಳಗೆ ಮೊಣಕಾಲಿನವರೆಗೆ ನೀರು ನಿಂತಿತ್ತು. ಕಳೆದ ಮಳೆಗಾಲದಲ್ಲಿ ಜಗಲಿ ಮುಟ್ಟಿ ವಾಪಸ್ ಹೋಯಿತು. ಈಗ ಕೇರಳ ಸರಕಾರದ ಲೈಫ್ ವಸತಿ ಯೋಜನೆಯಲ್ಲಿ ಮನೆ ಮಂಜೂರಾಗಿದೆ. ಅದರ 4 ಲಕ್ಷಕ್ಕೆ ನಮ್ಮ ಕೈಯಿಂದ ಇನ್ನೊಂದು 4 ಲಕ್ಷ ಹೇಗಾದರೂ ಸೇರಿಸಬಹುದು. ಎರಡು ಲೋಡು ಮಣ್ಣು ಹಾಕಿ ಏರಿಸಿದರೆ ಸಾಕು ಎಂದು ಮೇಸ್ತ್ರಿ ಹೇಳುತ್ತಾರೆ. ಮೈದುನ ಮೊಬೈಲಿನಲ್ಲಿ ಕುಟ್ಟನಾಡಿನ ಎತ್ತರದ ಕಂಬದ ಮನೆ ತೋರಿಸಿ, ಅದೇ ಬೇಕು ಅನ್ನುತ್ತಾನೆ. ಅತ್ತೆಗೆ 72 ವರ್ಷ, ಮೊಣಗಂಟು ನೋವು. ಒಂದು ದನವೂ ಇದೆ. ಯಾವುದು ಸರಿ?

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಈ ಕಡೆ ಮನೆ ಕಟ್ಟಿಸುವ ಕೆಲಸಕ್ಕೆ ಇಳಿದು 28 ವರ್ಷ ಆಯಿತು. ಹೊಳೆಬದಿಯವರು ಕೇಳುವುದು ಯಾವಾಗಲೂ ಇದನ್ನೇ: ಮಣ್ಣಾ, ಕಂಬವಾ? ಆದರೆ ಅದಕ್ಕೂ ಮೊದಲು ಗೊತ್ತಾಗಬೇಕಾದ ಮೂರು ವಿಷಯ ಇದೆ. ನೀರು ಎಷ್ಟು ಎತ್ತರಕ್ಕೆ ಬಂತು, ಎಷ್ಟು ಜೋರಾಗಿ ಬಂತು, ಎಷ್ಟು ಹೊತ್ತು ನಿಂತಿತು. ಇದು ಗೊತ್ತಾದರೆ ಮನೆಯ ಅರ್ಧ ನಕ್ಷೆ ತಾನಾಗಿ ಮೂಡುತ್ತದೆ. ಗೊತ್ತಿಲ್ಲದಿದ್ದರೆ ಎಂಥ ಇಂಜಿನಿಯರ್ ಗೀಟು ಎಳೆದರೂ ಅದು ಅಂದಾಜೇ.

ಎತ್ತರದಿಂದ ಶುರು ಮಾಡೋಣ. "ಮೊಣಕಾಲಿನವರೆಗೆ" ಅಂದಿದ್ದೀರಿ. ಯಾರ ಮೊಣಕಾಲು, ಎಲ್ಲಿ ನಿಂತಾಗ? ಇದನ್ನು ಅಡಿ, ಇಂಚಿನ ಲೆಕ್ಕಕ್ಕೆ ತರಬೇಕು. ಪಯಸ್ವಿನಿ ಹೊಳೆಬದಿಯ ಒಂದು ಮನೆಗೆ ಹೋಗಿದ್ದೆ. ಗೋಡೆಗೆಲ್ಲ ಹೊಸ ಸುಣ್ಣ ಬಳಿದಿದ್ದರು, ನೀರು ಬಂದ ಗುರುತೇ ಇರಲಿಲ್ಲ. ಅಲ್ಲಿನ ಅಜ್ಜಿ ಏನೂ ಹೇಳದೆ ಒಳಗೆ ಕರೆದುಕೊಂಡು ಹೋಗಿ, ಮೊಮ್ಮಗನ ಹತ್ತಿರ ಮರದ ಕಪಾಟು ಸರಿಸಲು ಹೇಳಿದರು. ಕಪಾಟಿನ ಹಿಂದೆ ಸುಣ್ಣ ತಾಗದ ಜಾಗ. ಅಲ್ಲಿ ನೂಲು ಹಿಡಿದು ಎಳೆದ ಹಾಗೆ ಒಂದು ಕಂದು ಗೆರೆ. ಗೆರೆಯ ಕೆಳಗೆ ಗೋಡೆಯ ಬಣ್ಣವೇ ಬೇರೆ. ಅಜ್ಜಿ ಅದರ ಮೇಲೆ ಬೆರಳಿಟ್ಟು "ಇಷ್ಟು" ಎಂದರು. ಆ ಮನೆಯ ಪಂಚಾಂಗದ, ಅಂದರೆ ಗೋಡೆ ಏಳುವ ಬುಡದ ಕಟ್ಟೆಯ, ಎತ್ತರವನ್ನು ನಾವು ನಿರ್ಧರಿಸಿದ್ದು ಆ ಬೆರಳಿನಿಂದ.

ನಿಮ್ಮ ಮನೆಯಲ್ಲೂ ಅಂಥ ಗೆರೆ ಎಲ್ಲೋ ಇರುತ್ತದೆ. ಬಾಗಿಲ ದಾರಂದದ ಹಿಂಬದಿ, ಬಾವಿಕಟ್ಟೆ, ಹತ್ತಿರದ ಕಂಗಿನ ಬುಡ, ಪಕ್ಕದ ಮನೆಯ ಹಟ್ಟಿ, ಎಲ್ಲ ಕಡೆ ಹುಡುಕಿ. ಸಿಕ್ಕಿದ ಮೇಲೆ ಮೇಸ್ತ್ರಿಯ ಹತ್ತಿರ ಇರುವ ಲೆವೆಲ್ ಟ್ಯೂಬ್ ತರಿಸಿ. ಗುಳ್ಳೆ ಇಲ್ಲದ ಹಾಗೆ ನೀರು ತುಂಬಿಸಿದ ಪಾರದರ್ಶಕ ಪೈಪು, ಅಷ್ಟೇ. ಒಂದು ತುದಿಯ ನೀರನ್ನು ಗೆರೆಗೆ ಸಮ ಹಿಡಿದರೆ, ಇನ್ನೊಂದು ತುದಿಯಲ್ಲಿ, ಹೊಸ ಮನೆ ಬರುವ ಜಾಗದಲ್ಲಿ, ನೀರು ಅದೇ ಎತ್ತರದಲ್ಲಿ ನಿಲ್ಲುತ್ತದೆ. ಅಲ್ಲಿ ಒಂದು ಗೂಟ ಹೊಡೆದು ಕೆಂಪು ಬಣ್ಣ ಬಳಿಯಿರಿ. ಮನೆ ಮುಗಿಯುವವರೆಗೆ ಆ ಗೂಟ ಕೀಳಬೇಡಿ.

ನಿಮ್ಮ ಹಳೇ ಜಗಲಿ ಅಂಗಳದಿಂದ ಒಂದೂವರೆ ಅಡಿ ಎತ್ತರ ಇದ್ದು, ಒಳಗೆ ನಿಂತ ನೀರು ಇನ್ನೊಂದು ಒಂದೂವರೆ ಅಡಿ ಎಂದುಕೊಳ್ಳೋಣ. ಅಂದರೆ ಅಂಗಳದಿಂದ 3 ಅಡಿ. ನಾನು ಅದಕ್ಕೆ 2 ಅಡಿ ಸೇರಿಸುತ್ತೇನೆ. ಯಾಕೆಂದರೆ 2019ರದ್ದೇ ಕೊನೆಯ ದೊಡ್ಡ ನೆರೆ ಎಂದು ಯಾರೂ ಬರೆದುಕೊಟ್ಟಿಲ್ಲ. ಹೊಳೆಯಲ್ಲಿ ಹೂಳು ತುಂಬುತ್ತಿದೆ, ಬೈಲುಗಳೆಲ್ಲ ಸೈಟ್ ಆಗುತ್ತಿವೆ. ಮೊದಲು ಗದ್ದೆಯಲ್ಲಿ ಹರಡಿ ನಿಲ್ಲುತ್ತಿದ್ದ ನೀರು ಈಗ ನಿಮ್ಮ ತೋಡಿಗೇ ಬರಬೇಕು. ಹಾಗಾಗಿ ನಿಮ್ಮ ಹೊಸ ಮನೆಯ ನೆಲ ಅಂಗಳದಿಂದ 5 ಅಡಿ ಮೇಲೆ ಇರಲಿ. ಗೂಟದ ಲೆಕ್ಕ ಬೇರೆ ಬಂದರೆ ಅದಕ್ಕೆ ಸರಿಯಾಗಿ ಇದನ್ನೂ ಬದಲಿಸಿ.

ಇನ್ನು ನೀರಿನ ಸ್ವಭಾವ. ಕುಟ್ಟನಾಡು ಸಮುದ್ರಮಟ್ಟಕ್ಕಿಂತ ತಗ್ಗಿನ ಜಾಗ. ಅಲ್ಲಿ ನೀರು ಮೆಲ್ಲಗೆ ಏರಿ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ನಿಲ್ಲುತ್ತದೆ. ನಮ್ಮ ಕಾಸರಗೋಡಿನದ್ದು ಹಾಗಲ್ಲ. ಇಲ್ಲಿನ ಹೊಳೆಗಳೆಲ್ಲ ಗಿಡ್ಡ. ದೊಡ್ಡದು ಅನ್ನಿಸಿಕೊಂಡ ಚಂದ್ರಗಿರಿಯೇ ಸುಮಾರು 105 ಕಿಲೋಮೀಟರ್. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಮುಕ್ಕಾಲು ಪಾಲು ಕಾರ್ತೆಲಿನಿಂದ ಸೋಣದವರೆಗೆ (ಜೂನ್‌ನಿಂದ ಸೆಪ್ಟೆಂಬರ್). ಗುಡ್ಡೆಯಲ್ಲಿ ರಾತ್ರಿ ಸುರಿದದ್ದು ಬೆಳಗಾಗುವಾಗ ತೋಡಿನಲ್ಲಿ ಇರುತ್ತದೆ. ಜೋರಾಗಿ ಬರುತ್ತದೆ, ಬೇಗ ಇಳಿಯುತ್ತದೆ. ಅಳಿವೆಗೆ ಹತ್ತಿರ ಇರುವವರಿಗೆ ಮಾತ್ರ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಸೇರಿಕೊಂಡರೆ ನೀರು ಹೋಗಲು ದಾರಿ ಸಿಗದೆ ಹೆಚ್ಚು ಹೊತ್ತು ನಿಲ್ಲುತ್ತದೆ. ಆದ್ದರಿಂದ ನಿಮ್ಮ ಮನೆಗೆ ನಿಂತ ನೀರಿಗಿಂತ ಹರಿಯುವ ನೀರಿನ ಭಯ ಜಾಸ್ತಿ. ಹರಿವಿನ ವೇಗ ಎರಡು ಪಟ್ಟಾದರೆ ಅದು ಗೋಡೆಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಕುಟ್ಟನಾಡಿನ ಫೋಟೋ ನೋಡಿ ಮನೆ ಕಟ್ಟಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಈಗ ಮೇಸ್ತ್ರಿಯ ಮಣ್ಣಿಗೆ ಬರೋಣ. 400 ಚದರ ಅಡಿಯ ಮನೆಗೆ 5 ಅಡಿ ಮಣ್ಣು ತುಂಬಿಸಿದರೆ 2,000 ಘನ ಅಡಿ, ಅಂದರೆ 20 ಯೂನಿಟ್. ಇದು ಎರಡು ಲೋಡಿನ ಮಾತೇ ಅಲ್ಲ. ಅಷ್ಟು ಮಣ್ಣನ್ನು ಅರ್ಧರ್ಧ ಅಡಿ ಹಾಕಿ, ನೀರು ಬಿಟ್ಟು, ದಮ್ಮಸು ಹೊಡೆದು ಕೂರಿಸಬೇಕು. ಒಟ್ಟಿಗೆ ಸುರಿದರೆ ಎರಡು ಮಳೆಗಾಲದೊಳಗೆ ನೆಲ ಕುಸಿಯುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ನೆರೆ ಬಂದಾಗ ಪಂಚಾಂಗದೊಳಗಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಆಗ ಹೊರಗಿನ ನೀರೂ ಒಳಗಿನ ಮಣ್ಣೂ ಎರಡು ಕಡೆಯಿಂದ ಒತ್ತುವುದರಿಂದ ಗೋಡೆ ನಿಲ್ಲುತ್ತದೆ. ಹೊರಗಿನ ನೀರು ಸರ್ರನೆ ಇಳಿದಾಗ, ಒಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಒದ್ದೆ ಮಣ್ಣು ಗೋಡೆಯನ್ನು ಹೊರಕ್ಕೆ ದೂಡುತ್ತದೆ. ಮಳೆ ನಿಂತು ಬಿಸಿಲು ಬಂದ ದಿನವೇ ಪಂಚಾಂಗ ಹೊಟ್ಟೆ ಬಿಟ್ಟದ್ದನ್ನು ನಾನು ನೋಡಿದ್ದೇನೆ. ಎರಡು, ಮೂರು ಅಡಿಯವರೆಗೆ ಮಣ್ಣು ತುಂಬಿಸುವುದು ಸರಿ, ಅದೂ ಗೋಡೆಯಲ್ಲಿ ನೀರು ಬಸಿದು ಹೋಗಲು ತೂತು ಬಿಟ್ಟು. ಅದಕ್ಕಿಂತ ಮೇಲೆ ಬೇಡ.

ನಿಮ್ಮ ಜಾಗವನ್ನೆಲ್ಲ ಏರಿಸಿದರೆ ನಿಮ್ಮಲ್ಲಿ ನಿಲ್ಲುತ್ತಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಯೋಚಿಸಿ. ಪಕ್ಕದ ಮನೆಗೆ, ಅಲ್ವಾ? ಮುಂದಿನ ವರ್ಷ ಅವರೂ ಏರಿಸುತ್ತಾರೆ. ಆಮೇಲೆ ಅವರಾಚೆಯವರು. ಒಂದೇ ತೋಡಿನ ಬದಿ ನಾಲ್ಕು ಮನೆಯವರು ಹೀಗೆ ಒಬ್ಬರ ಮೇಲೊಬ್ಬರು ಮಣ್ಣು ಹಾಕಿ, ಕೊನೆಗೆ ಮಾತು ಬಿಟ್ಟದ್ದು ನನಗೆ ಗೊತ್ತು.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಿಮ್ಮ ಆಧಾರದಲ್ಲೂ (ಜಾಗದ ನೋಂದಣಿ ಪತ್ರ) ತೀರ್ವೆ ರಶೀದಿಯಲ್ಲೂ (ಭೂಕಂದಾಯದ ರಶೀದಿ) ಜಾಗದ ವರ್ಗ ಏನು ಬರೆದಿದೆ ನೋಡಿ. ಮಲಯಾಳದಲ್ಲಿ "ನಿಲಂ" ಎಂದಿದ್ದರೆ ಗದ್ದೆ, "ಪುರಯಿಡಂ" ಎಂದಿದ್ದರೆ ಹಿತ್ತಿಲು. ಓದಲು ಬಾರದಿದ್ದರೆ ಬರುವವರಿಂದ ಓದಿಸಿ, ಅಂದಾಜಿನಲ್ಲಿ ಮುಂದುವರಿಯಬೇಡಿ. ನಿಲಂ ಆಗಿದ್ದು ಕೃಷಿ ಭವನದ ಡೇಟಾ ಬ್ಯಾಂಕಿನಲ್ಲಿ (ಗದ್ದೆಗಳ ಪಟ್ಟಿ) ಸೇರಿದ್ದರೆ, 2008ರ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ಪ್ರಕಾರ ಮಣ್ಣು ತುಂಬಿಸುವಂತಿಲ್ಲ. ಬೇರೆ ಜಾಗವೇ ಇಲ್ಲದ ಕುಟುಂಬಕ್ಕೆ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸಿನವರೆಗೆ ಮನೆ ಕಟ್ಟಲು ವಿನಾಯಿತಿ ಇದೆ. ಅದಕ್ಕೆ ಆ ಕಾಯ್ದೆಯ ಪ್ರಕಾರ ಇರುವ ಸಮಿತಿಯ ಒಪ್ಪಿಗೆ ಬೇಕು. ಮಣ್ಣಿನ ಲಾರಿ ಬರುವ ಮೊದಲು ಇದನ್ನು ಮುಗಿಸಿ.

ಹಾಗಾದರೆ ಕಂಬ. ಆದರೆ ಮೈದುನ ತೋರಿಸಿದಷ್ಟು ಎತ್ತರ ಬೇಡ. ಅಂಥ ಮನೆಯ ಅಡಿ ವಾಹನ ನಿಲ್ಲಿಸಬಹುದು, ನೋಡಲೂ ಚಂದ. ಆದರೆ 9 ಅಡಿ ಎಂದರೆ 18 ಮೆಟ್ಟಿಲು. ನಿಮ್ಮ ಅತ್ತೆ ಬೆಳಿಗ್ಗೆ ಹೂ ಕೊಯ್ಯಲು ಇಳಿದರೆ ಮತ್ತೆ ಹತ್ತುವುದು ಹೇಗೆ? ಮನೆಯ ಹಿರಿಯರನ್ನು ಮೇಲೆ ಕೂಡಿಹಾಕುವ ಮನೆಯನ್ನು ನಾನು ಒಳ್ಳೆಯ ಮನೆ ಅನ್ನುವುದಿಲ್ಲ. 5 ಅಡಿಗೆ ಅರ್ಧರ್ಧ ಅಡಿಯ 10 ಮೆಟ್ಟಿಲು ಸಾಕು. ಐದು ಹತ್ತಿದ ಮೇಲೆ 4 ಅಡಿ ಅಗಲದ ಒಂದು ಕಟ್ಟೆ, ಅಲ್ಲಿ ಕೂತು ಉಸಿರು ಬಿಡಲು ಒಂದು ಕಲ್ಲಿನ ಆಸನ. ಎರಡೂ ಬದಿ ಕೈಹಿಡಿಕೆ. ಬದಿಗೆ ಬೇರೆ ಸಿಟ್‌ಔಟ್ ಮಾಡುವ ದುಡ್ಡನ್ನು ಈ ಕಟ್ಟೆಗೆ ಹಾಕಿ. ಸಂಜೆ ಎಲ್ಲರೂ ಕೂರುವ ಜಾಗ ಇದೇ ಆಗುತ್ತದೆ.

ಮನೆ 16 ಅಡಿ ಅಗಲ, 25 ಅಡಿ ಉದ್ದ ಇರಲಿ. 16 ಅಡಿಯ ಕಿರಿದಾದ ಬದಿ ನೀರು ಬರುವ ದಿಕ್ಕಿಗೆ ಮುಖ ಮಾಡಲಿ. ದೋಣಿಯನ್ನು ಹೊಳೆಗೆ ಅಡ್ಡ ನಿಲ್ಲಿಸುವುದಿಲ್ಲ, ಹಾಗೆಯೇ ಇದೂ. ವಾಸ್ತು ನೋಡುವವರು ಬಂದರೆ ಬಾಗಿಲ ದಿಕ್ಕು ಅವರು ಹೇಳಲಿ, ಮನೆಯ ಉದ್ದ ಎತ್ತ ಎಂಬುದನ್ನು ತೋಡು ಹೇಳಲಿ. ಸಾಲಿಗೆ 3ರಂತೆ 4 ಸಾಲು, ಒಟ್ಟು 12 ಕಂಬ. ಒಂದರಿಂದ ಒಂದಕ್ಕೆ ಸುಮಾರು 8 ಅಡಿ. ಕಂಬ 9 ಇಂಚು ಅಗಲ, 12 ಇಂಚು ಉದ್ದ, ಉದ್ದದ ಬದಿ ಹರಿವಿನ ದಿಕ್ಕಿಗೆ. ಪಾಯದ ಗುಂಡಿ ಮೆತ್ತಗಿನ ಮೆಕ್ಕಲು ದಾಟಿ ಗಟ್ಟಿ ಮಣ್ಣು ಸಿಗುವವರೆಗೆ ಹೋಗಲಿ. ತೋಡಿನ ಬದಿಯಲ್ಲಿ ಇಲ್ಲಿ ಕಡಿಮೆ ಮಾಡಿದರೆ, ನೀರು ಕಂಬದ ಬುಡದ ಮಣ್ಣನ್ನೇ ಕೊರೆದು ಕೊಂಡೊಯ್ಯುತ್ತದೆ. ನೆಲಮಟ್ಟದಲ್ಲಿ ಒಮ್ಮೆ, ಮನೆಯ ನೆಲದ ಅಡಿಯಲ್ಲಿ ಒಮ್ಮೆ, ಎಲ್ಲ ಕಂಬಗಳನ್ನೂ ಬೆಲ್ಟ್ (ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿ) ಹಾಕಿ ಕಟ್ಟಬೇಕು. ಬಿಡಿಬಿಡಿಯಾಗಿ ನಿಂತ ಕಂಬ ನೀರಿಗೂ ಸೋಲುತ್ತದೆ, ಭೂಮಿ ನಡುಗಿದರೂ ಸೋಲುತ್ತದೆ. ಕಂಬಿಯ ಲೆಕ್ಕವನ್ನು ಮಾತ್ರ ಇಂಜಿನಿಯರ್ ಹತ್ತಿರ ಬರೆಸಿಕೊಳ್ಳಿ, ಪತ್ರದಲ್ಲಿ ಕೊಡುವುದು ಸರಿಯಲ್ಲ.

ಕಾಂಕ್ರೀಟಿನಲ್ಲಿ ನೀವೇ ನಿಂತು ನೋಡಬೇಕಾದ್ದು ಎರಡೇ. ಒಂದು, ಎಂ25 (ಕಾಂಕ್ರೀಟಿನ ಗಟ್ಟಿತನದ ದರ್ಜೆ) ಎಂದು ಕೇಳಿ ಹಾಕಿಸಿ. ಬಕೆಟ್‌ಗಟ್ಟಲೆ ನೀರು ಸುರಿದು ಸಾರಿನ ಹಾಗೆ ಮಾಡಲು ಬಿಡಬೇಡಿ. ಎರಡು, ಕಂಬಿಗೂ ಹಲಗೆಗೂ ನಡುವೆ 40 ಮಿಲಿಮೀಟರ್ ಜಾಗ ಇರಲು ಕವರ್ ಬ್ಲಾಕ್ (ಸಿಮೆಂಟಿನ ಸಣ್ಣ ಬಿಲ್ಲೆ) ಇಟ್ಟಿದ್ದಾರಾ ನೋಡಿ. ಪಾಯದಲ್ಲಿ 50. ಬ್ಲಾಕ್ ಬದಲು ಜಲ್ಲಿ ತುಂಡು ಇಟ್ಟರೆ ಹತ್ತು ವರ್ಷದಲ್ಲಿ ಕಂಬಿ ತುಕ್ಕು ಹಿಡಿದು ಕಾಂಕ್ರೀಟ್ ಬಿರಿಯುತ್ತದೆ. ವರ್ಷವೂ ನೆನೆಯುವ ಕಂಬದಲ್ಲಿ ಅದಕ್ಕಿಂತಲೂ ಬೇಗ.

ಮನೆಯ ನೆಲದ ಅಡಿ, ಕಂಬದ ನಡುವಿನ ಆ 5 ಅಡಿ ಎತ್ತರದ ಜಾಗ ಖಾಲಿ ಇರಬೇಕು. ಇದು ನಾನು ನಿಮ್ಮ ಕೈಹಿಡಿದು ಕೇಳಿಕೊಳ್ಳುವ ಮಾತು. ಎರಡು ವರ್ಷ ನೀರು ಬರುವುದಿಲ್ಲ. ಮೂರನೇ ವರ್ಷ ಯಾರೋ "ಸುಮ್ನೆ ಹಾಳಾಗುತ್ತಿದೆ, ನಾಲ್ಕು ಸಾಲು ಕಲ್ಲು ಕಟ್ಟಿ ಮುಚ್ಚಿದರೆ ತೆಂಗಿನಕಾಯಿ ಇಡಬಹುದಲ್ಲ" ಅನ್ನುತ್ತಾರೆ. ಒಂದು ಲೆಕ್ಕ ಕೇಳಿ. ಒಳಗೆ ಒಣಗಿದ್ದು ಹೊರಗೆ 3 ಅಡಿ ನೀರು ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ 400 ಕಿಲೋಗಿಂತ ಜಾಸ್ತಿ ಒತ್ತಡ ಬೀಳುತ್ತದೆ. 25 ಅಡಿಯ ಗೋಡೆಗೆ 3 ಟನ್ ದಾಟುತ್ತದೆ. 5 ಅಡಿ ನೀರಾದರೆ ಅದು ಹತ್ತಿರ ಹತ್ತಿರ ಮೂರು ಪಟ್ಟು. ಇದು ಬರೀ ನಿಂತ ನೀರಿನ ಲೆಕ್ಕ, ಹರಿವಿನ ತಳ್ಳುವಿಕೆ ಬೇರೆ. ಸೌದೆ, ತೆಂಗಿನ ಸಿಪ್ಪೆ ಇಡಲು ಮರೆ ಬೇಕೇ ಬೇಕಾದರೆ ಅಡಿಕೆ ಮರದ ಸೀಳುಗಳನ್ನು ಹಗ್ಗದಲ್ಲಿ ಕಟ್ಟಿ. ನೆರೆ ಬಂದರೆ ಅದು ಹೋಗಲಿ, ಮನೆ ಉಳಿಯುತ್ತದೆ. ತಂತಿ ಬಲೆ ಬೇಡ, ಕಸಕಡ್ಡಿ ಸಿಕ್ಕಿ ಅದೇ ಗೋಡೆಯಾಗುತ್ತದೆ. ಕೆಳಗಿನ ನೆಲಕ್ಕೆ ತೋಡಿನ ಕಡೆ ಸ್ವಲ್ಪ ಇಳಿಜಾರು ಕೊಟ್ಟು ಕಲ್ಲು ಹಾಸಿ. ಹಾವು, ಹೆಗ್ಗಣ ಸೇರದ ಹಾಗೆ ಗುಡಿಸಿ ಸ್ವಚ್ಛ ಮಾಡುವಂತಿರಬೇಕು.

ನೀರು ಬಂದು ಹೋಗುವುದು ನಾಚಿಕೆಯ ವಿಷಯ ಅಲ್ಲ ತಂಗೀ. ಮಧೂರು ದೇವಸ್ಥಾನವನ್ನೇ ನೋಡಿ. ಮಧುವಾಹಿನಿ ಹೊಳೆ ಉಕ್ಕಿದಾಗ ನೀರು ಅಂಗಳ ದಾಟಿ ಒಳಗೂ ಬರುತ್ತದೆ. ಗಣಪತಿಯ ಕಾಲ ಬುಡದಲ್ಲಿ ನಿಂತು, ತಾನಾಗಿ ಇಳಿದು ಹೋಗುತ್ತದೆ. ಆನೆಯ ಬೆನ್ನಿನ ಆಕಾರದ ಆ ಗಜಪೃಷ್ಠದ ಗುಡಿ ಶತಮಾನಗಳಿಂದ ಹಾಗೇ ನಿಂತಿದೆ. ಬುಡದಲ್ಲಿ ನೀರಿಗೆ ಹೆದರದ ಶಿಲೆ, ಮೇಲೆ ಮರ, ಅದರ ಮೇಲೆ ತಾಮ್ರದ ಹೊದಿಕೆ. ನೆನೆಯುವ ಜಾಗಕ್ಕೆ ನೆನೆದರೂ ಕೆಡದ್ದು, ಮೇಲೆ ಉಳಿದದ್ದು. ನಮ್ಮ ಹಳಬರೂ ಅಕ್ಕಿ ಮುಡಿಯನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಮನೆಯನ್ನು ಸಾಧ್ಯವಾದಷ್ಟು ಬೈಲಿನಲ್ಲಿ ಕಟ್ಟದೆ ಗುಡ್ಡೆಯ ಬುಡದಲ್ಲಿ ಕಟ್ಟುತ್ತಿದ್ದರು. ನಿಮಗೆ ಆ ಆಯ್ಕೆ ಇಲ್ಲ. ಇದ್ದರೂ, ಗುಡ್ಡೆಯನ್ನು ನೇರ ಕಡಿದು ಸೈಟ್ ಮಾಡುವವರಿಗೆ ನಾನು ಬೇಡ ಅನ್ನುತ್ತೇನೆ. ಮೇಲಿನ ಮುರಕಲ್ಲಿನ (ಕೆಂಪುಕಲ್ಲು) ಅಡಿಯಲ್ಲಿ ಶೇಡಿಯಂಥ (ಬಿಳಿ ಜೇಡಿ) ನುಣ್ಣನೆ ಮಣ್ಣಿದ್ದರೆ, ಮಳೆಗೆ ಅದು ಜಾರುತ್ತದೆ.

ಗೋಡೆಗೆ ನಮ್ಮೂರಿನ ಕೆಂಪುಕಲ್ಲೇ ಸಾಕು. ಆದರೆ ಎಲ್ಲ ಕೋರೆಯ ಕಲ್ಲೂ ಒಂದೇ ಅಲ್ಲ. ಲೋಡು ಇಳಿಸುವ ಮೊದಲು ಹೀಗೆ ಮಾಡಿ. ಮೂರು ಕಲ್ಲು ತಂದು ವಾರ ಪೂರ್ತಿ ಬಿಸಿಲಿಗೆ ಒಣಗಿಸಿ. ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಂದು ದಿನ ಒಂದು ರಾತ್ರಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ. ಹಾಕಿದ ಕೂಡಲೇ ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಏಳುತ್ತವೆ, ಕಲ್ಲು ನೀರು ಕುಡಿಯುವುದು ಕಣ್ಣಿಗೇ ಕಾಣುತ್ತದೆ. ಮರುದಿನ ತೆಗೆದು ಒರೆಸಿ ಮತ್ತೆ ತೂಗಿ. ಒಣಗಿದಾಗ 25 ಕಿಲೋ ಇದ್ದದ್ದು 28ಕ್ಕಿಂತ ಜಾಸ್ತಿ ಆದರೆ ಆ ಕೋರೆಯ ಕಲ್ಲು ಬೇಡ. ಐಎಸ್ 3620 ಎಂಬ ಭಾರತೀಯ ಮಾನದಂಡ ಹೇಳುವುದೂ ಇಷ್ಟೇ, ಕೆಂಪುಕಲ್ಲು ತನ್ನ ತೂಕದ ನೂರಕ್ಕೆ 12ಕ್ಕಿಂತ ಹೆಚ್ಚು ನೀರು ಹೀರಬಾರದು. ನೆನೆದ ಕಲ್ಲನ್ನು ಉಗುರಿನಿಂದ ಗೀಚಿ ನೋಡಿ. ಬಿಳಿ ಮಣ್ಣು ಉದುರಿದರೆ ಅದು ಕಂಪೌಂಡಿಗೂ ಬೇಡ.

ಕಲ್ಲು ಕಟ್ಟುವಾಗ ಮಣ್ಣಿನ ಗಾರೆ ಬೇಡ. ಸಿಮೆಂಟ್ ಗಾರೆ 1:5ರಲ್ಲಿ ಇರಲಿ, ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು. ಕಿಟಕಿಯ ಕೆಳಗೊಂದು, ಲಿಂಟಲ್ ಮಟ್ಟದಲ್ಲೊಂದು ಬೆಲ್ಟ್ ಮನೆ ಸುತ್ತ ಕಡಿಯದೆ ಹೋಗಲಿ. ಒಳಗೋಡೆಯ ಕೆಳಗಿನ 3 ಅಡಿಗೆ ಪ್ಲಾಸ್ಟರ್ ಮಾಡದೆ, ಸಂದು ಮಾತ್ರ ತುಂಬಿ ಬಿಡಿ. ಎಂದಾದರೂ ನೀರು ನೆಲ ದಾಟಿ ಒಳಗೆ ಬಂದರೂ ಕಲ್ಲು ತೊಳೆದರೆ ಒಣಗುತ್ತದೆ. ಪುಟ್ಟಿ, ಪೈಂಟ್ ಹಾಕಿದ ಗೋಡೆ ತಿಂಗಳುಗಟ್ಟಲೆ ಬೆವರುತ್ತದೆ. ಹಾಲೋ ಬ್ಲಾಕ್ ಅಗ್ಗ ಎಂದು ಹೇಳುವವರು ಇದ್ದಾರೆ. ಅದರ ಹೊಟ್ಟೆಗೆ ಕೆಸರು ನೀರು ಸೇರಿದರೆ ತೊಳೆಯಲು ದಾರಿಯೇ ಇಲ್ಲ. ಪ್ಲೈವುಡ್ ಕಪಾಟು, ಫ್ಲಶ್ ಡೋರ್, ಜಿಪ್ಸಮ್ ಯಾವುದೂ ಈ ಮನೆಗೆ ಬೇಡ. ಅಡುಗೆಮನೆಯ ಹಲಗೆಗಳಿಗೆ ಕಡಪ ಕಲ್ಲು, ಬಾಗಿಲಿಗೆ ಹಲಸು. ಮುಂಬಾಗಿಲಿಗೆ ನೇರ ಎದುರು ಹಿಂಬಾಗಿಲು ಇರಲಿ, ಬಂದ ನೀರು ಹೊರಗೆ ಹೋಗಲಿಕ್ಕೆ.

ಮೇಲ್ಛಾವಣಿಗೆ ಹಂಚು ಅಥವಾ ಶೀಟು ಹಾಕಿ, ಅದರ ಅಡಿ ಅರ್ಧ ಮನೆಗಾದರೂ ಅಟ್ಟ ಮಾಡಿ. ಬಚ್ಚಲು ಮತ್ತು ಅಡುಗೆಮನೆಯ ಮೇಲೆ ಮಾತ್ರ ಸಪಾಟು ಸ್ಲ್ಯಾಬ್ ಹಾಕಿಸಿ. ನೀರಿನ ಟ್ಯಾಂಕ್ ಅಲ್ಲಿ ಕೂರುತ್ತದೆ. ಲೆಕ್ಕ ಮೀರಿದ ನೆರೆ ಬಂದರೆ ನಾಲ್ಕು ಜನ ಕೂರುವ ಜಾಗವೂ ಅದೇ. ಅಟ್ಟದಿಂದ ಆ ಸ್ಲ್ಯಾಬಿಗೆ ಹೊರಬೀಳಲು ಎರಡೂವರೆ ಅಡಿಗೆ 3 ಅಡಿಯ ಒಂದು ಕಿಟಕಿ ಬೇಕು. ಅದಕ್ಕೆ ಸರಳು ಹಾಕಿ ಬೆಸುಗೆ ಮಾಡಬೇಡಿ, ಒಳಗಿನಿಂದ ತೆರೆಯುವ ಗ್ರಿಲ್ ಇರಲಿ. ಅಟ್ಟಕ್ಕೆ ಹೋಗಲು ಏಣಿ ಸಾಲದು, ಸಣ್ಣದಾದರೂ ಗಟ್ಟಿಯಾದ ಮೆಟ್ಟಿಲು ಮಾಡಿಸಿ. ಕತ್ತಲೆಯಲ್ಲಿ, ಮಗುವನ್ನು ಎತ್ತಿಕೊಂಡು ಹತ್ತುವುದನ್ನು ಮನಸ್ಸಿನಲ್ಲಿಟ್ಟು ಅಳತೆ ಕೊಡಿ.

ಕರೆಂಟಿಗೆ ಹೆಚ್ಚು ಹೇಳುವುದಿಲ್ಲ. ಮೀಟರ್, ಮೈನ್ ಸ್ವಿಚ್ ಮನೆಯ ನೆಲದಿಂದ 5 ಅಡಿ ಮೇಲೆ, ವಯರ್ ಎಲ್ಲ ಮೇಲಿನಿಂದ ಇಳಿದು ಬರಲಿ. ಶಾಕ್ ಆದರೆ ತಾನೇ ಕಟ್ ಆಗುವ 30 ಮಿಲಿಆಂಪಿಯರ್‌ನ ಬ್ರೇಕರ್ ಕಡ್ಡಾಯ. ಗ್ಯಾಸ್ ಸಿಲಿಂಡರ್ ನೀರಿನಲ್ಲಿ ತೇಲುತ್ತದೆ, ಅದಕ್ಕೊಂದು ಸರಪಳಿ ಕೊಂಡಿ ಗೋಡೆಯಲ್ಲಿ ಇರಲಿ.

ಕಕ್ಕಸಿನ ಟ್ಯಾಂಕ್ ವಿಷಯದಲ್ಲಿ ಜನ ಮಾಡುವ ದೊಡ್ಡ ತಪ್ಪು, ಮಳೆಗಾಲಕ್ಕೆ ಮೊದಲು ಅದನ್ನು ಪೂರ್ತಿ ಖಾಲಿ ಮಾಡಿಸುವುದು. ಖಾಲಿ ಟ್ಯಾಂಕ್ ದೋಣಿ ಇದ್ದ ಹಾಗೆ. 2,000 ಲೀಟರಿನ ಟ್ಯಾಂಕನ್ನು ನೆನೆದ ನೆಲ 2 ಟನ್ ಬಲದಿಂದ ಮೇಲಕ್ಕೆ ಎತ್ತುತ್ತದೆ. ಖಾಲಿ ಮಾಡಿಸಿದರೆ ಕೂಡಲೇ ನೀರು ತುಂಬಿಸಿ. ಮುಚ್ಚಳಕ್ಕೆ ಗಾರೆ ಹಾಕಿ ಬಿಗಿ ಮಾಡಿ, ಗಾಳಿ ಕೊಳವೆ ಕೆಂಪು ಗೂಟಕ್ಕಿಂತ ಎತ್ತರಕ್ಕೆ ಹೋಗಲಿ, ಪೈಪಿಗೆ ನೀರು ಹಿಂದೆ ಬಾರದ ಹಾಗೆ ತಡೆಯುವ ವಾಲ್ವ್ ಇರಲಿ. ಬಾವಿಯಿಂದ ಏಳೂವರೆ ಮೀಟರ್ ದೂರ ಇರಬೇಕು ಎಂಬುದು ನಿಯಮ. 7 ಸೆಂಟ್ಸಿನಲ್ಲಿ ನಿಮ್ಮ ಬಾವಿ ಒಂದೇ ಅಲ್ಲ, ನೆರೆಮನೆಯ ಬಾವಿಯಿಂದಲೂ ಅಳೆಯಿರಿ. ಹಾಗಾಗಿ ನಕ್ಷೆಯಲ್ಲಿ ಮೊದಲು ಬಾವಿ, ಆಮೇಲೆ ಟ್ಯಾಂಕ್, ಉಳಿದ ಜಾಗದಲ್ಲಿ ಮನೆ.

ಬಾವಿಕಟ್ಟೆಯನ್ನು ಕೂಡ ಗೂಟಕ್ಕಿಂತ ಮೇಲೆ ಏರಿಸಿ. ಆದರೂ ನೆರೆನೀರು ಬಿದ್ದರೆ, ನೀರು ತೆಗೆದು ಶುದ್ಧ ಮಾಡಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಸಾವಿರ ಲೀಟರಿಗೆ 5 ಗ್ರಾಂ. 6 ಅಡಿ ಅಗಲದ ಬಾವಿಯಲ್ಲಿ 10 ಅಡಿ ನೀರಿದ್ದರೆ ಸುಮಾರು 8,000 ಲೀಟರ್, ಅಂದರೆ 40 ಗ್ರಾಂ. ಬಕೆಟಿನಲ್ಲಿ ಕದಡಿ, ತಳಕ್ಕೆ ಕೂತ ಸುಣ್ಣ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಅಲ್ಲಾಡಿಸಿ. ಒಂದು ಗಂಟೆ ಕಳೆದ ಮೇಲೆ ಬಳಸಿ, ಕುಡಿಯುವುದನ್ನು ಕುದಿಸಿಯೇ ಕುಡಿಯಿರಿ.

ದನದ ಬಗ್ಗೆ ನೀವು ಕೇಳಿದ್ದು ಖುಷಿಯಾಯಿತು. ಮನೆ ಕಟ್ಟುವವರು ಇದನ್ನು ಮರೆಯುತ್ತಾರೆ. ಮಣ್ಣು ತುಂಬಿಸುವುದಿದ್ದರೆ ಇಲ್ಲಿ ತುಂಬಿಸಿ. 8 ಅಡಿಗೆ 8 ಅಡಿಯ ಹಟ್ಟಿಯ ನೆಲವನ್ನು 3 ಅಡಿ ಏರಿಸಿ. ಮೇಲೆ ಹೇಳಿದ ಬಸಿಯುವ ತೂತು ಇದರ ಗೋಡೆಗೂ ಬೇಕು. ದನ ಹತ್ತಲು ಒರಟು ಕಾಂಕ್ರೀಟಿನ ಇಳಿಜಾರು ಮಾಡಿ. ಜೋರು ಮಳೆಯ ರಾತ್ರಿ ಮಲಗುವ ಮೊದಲು ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಲ್ಲಿ ಕಟ್ಟಿ. ದನಕ್ಕೆ ಈಜಲು ಬರುತ್ತದೆ. ಅದು ಸಾಯುವುದು ನೀರಿನಿಂದಲ್ಲ, ಕೊರಳ ಹಗ್ಗದಿಂದ.

ಕಂಪೌಂಡ್ ಗೋಡೆ ಕಟ್ಟಬೇಡಿ. ಇದನ್ನು ನಾನು ತಪ್ಪು ಮಾಡಿ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಳೆಬದಿಯ ಒಂದು ಮನೆಗೆ ಸುತ್ತಲೂ 5 ಅಡಿ ಕಲ್ಲಿನ ಗೋಡೆ ಕಟ್ಟಿಸಿಕೊಟ್ಟೆ. ನೀರು ತಡೆಯುತ್ತದೆ ಎಂದು ನಾನೂ ನಂಬಿದ್ದೆ. ನೆರೆ ಗೇಟಿನ ಮೂಲಕ ಒಳಗೆ ಬಂತು. ಹೊಳೆ ಇಳಿದ ಮೇಲೂ ಒಳಗಿನ ನೀರು ಹೊರಗೆ ಹೋಗಲಿಲ್ಲ. ಮನೆಯವರು ಎರಡು ದಿನ ಕಾದು, ಕೊನೆಗೆ ಹಾರೆ ಹಿಡಿದು ಗೋಡೆ ಒಡೆದರು. ಅಷ್ಟರಲ್ಲಿ ಅವರ ಹೊಸ ನೆಲ ಹಾಳಾಗಿತ್ತು. ಆ ಮನೆಯ ಯಜಮಾನರು ನನಗೆ ಒಂದು ಮಾತೂ ಅನ್ನಲಿಲ್ಲ. ಅದು ಇವತ್ತಿಗೂ ನೆನಪಿದೆ. ನೀವು ಬೇಲಿ ಹಾಕಿ. ತೋಡಿನ ದಡಕ್ಕೆ ಲಾವಂಚ, ಕೇದಗೆ ನೆಡಿ, ಬೇರು ಮಣ್ಣನ್ನು ಹಿಡಿಯುತ್ತದೆ. ದಡಕ್ಕೆ ತೆಂಗಿನ ನಾರಿನ ಚಾಪೆ ಹಾಸುವ ಕೆಲಸವನ್ನು ಪಂಚಾಯತ್‌ಗಳು ಉದ್ಯೋಗ ಖಾತರಿಯಲ್ಲಿ ಮಾಡಿಸುತ್ತವೆ. ನಿಮ್ಮ ವಾರ್ಡ್ ಮೆಂಬರ್ ಹತ್ತಿರ ಕೇಳಿ.

ದುಡ್ಡು. 8 ಲಕ್ಷದಲ್ಲಿ 400 ಚದರ ಅಡಿ ಬಿಗಿಯಾಗುತ್ತದೆ. ಯೋಜನೆಯ ಹಣ ಕೆಲಸದ ಹಂತ ನೋಡಿ ಕಂತಿನಲ್ಲಿ ಬರುತ್ತದೆ. ನಿಮ್ಮ ಮನೆಯಲ್ಲಿ ಬುಡದ ಕೆಲಸವೇ ಜಾಸ್ತಿ. ಮಾಮೂಲಿ ಮನೆಗೆ ಲೆಕ್ಕ ಹಾಕಿದ ಕಂತು ಇದಕ್ಕೆ ಸಾಲುವುದಿಲ್ಲ. ಆದ್ದರಿಂದ ನಿಮ್ಮ ಕೈಯ ಹಣವನ್ನು ಟೈಲ್ಸಿಗೆ ಎಂದು ಎತ್ತಿಡಬೇಡಿ, ಕಂಬ ಮತ್ತು ಬೆಲ್ಟಿಗೆ ಮೊದಲೇ ಹಾಕಿ. ಟೈಲ್ಸ್, ಪೈಂಟ್, ಗೇಟ್ ಯಾವಾಗ ಬೇಕಾದರೂ ಆಗುತ್ತದೆ. ಸಿಮೆಂಟ್ ನೆಲಕ್ಕೆ ಕಾವಿ ಹಾಕಿದರೆ ಕಾಲಿಗೂ ತಂಪು, ನೀರಿಗೂ ಹೆದರುವುದಿಲ್ಲ. ದೀಪಾವಳಿ ಕಳೆದ ಕೂಡಲೇ ಪಾಯ ತೆಗೆಯಿರಿ. ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲು ಮೇಲಿನ ಬೆಲ್ಟ್ ಮತ್ತು ನೆಲದ ಸ್ಲ್ಯಾಬ್ ಮುಗಿದಿರಬೇಕು. ಅರ್ಧಕ್ಕೆ ನಿಂತ ಕಂಬಗಳನ್ನು ಮಳೆಗಾಲಕ್ಕೆ ಒಪ್ಪಿಸಬಾರದು.

ಸದ್ಯಕ್ಕೆ ಈ ಭಾನುವಾರ ಎರಡು ಕೆಲಸ ಮಾಡಿ. ಗೆರೆ ಹುಡುಕಿ, ಪೈಪು ಹಿಡಿದು ಗೂಟ ಹೊಡೆಯಿರಿ. ಆಮೇಲೆ ಅಂಗಳದಲ್ಲಿ ಕಲ್ಲು ಜೋಡಿಸಿ ಸರಿಯಾಗಿ 6 ಇಂಚು ಎತ್ತರದ ಮೂರು ಮೆಟ್ಟಿಲು ಮಾಡಿ, ಅತ್ತೆಯನ್ನು ಹತ್ತಿಸಿ ನೋಡಿ. ಮೂರನೆಯದಕ್ಕೆ ಅವರು ಮೊಣಕಾಲಿನ ಮೇಲೆ ಕೈ ಊರಿದರೆ ಎತ್ತರವನ್ನು 5 ಇಂಚಿಗೆ ಇಳಿಸಿ. ಆಗ ಮೆಟ್ಟಿಲು 12 ಆಗುತ್ತದೆ, ಮೆಟ್ಟಿಲಿನ ಜಾಗ ಎರಡು ಅಡಿ ಉದ್ದವಾಗುತ್ತದೆ. ನಕ್ಷೆ ಬರೆಯುವವರಿಗೆ ಗೂಟದ ಎತ್ತರದ ಜೊತೆ ಇದನ್ನೂ ಹೇಳಿ.